ಜಿಡಗಾದ ಪತ್ರಾ ಶೆಡ್ಡಿಗೊಂದು ಸಿಎನ್‌ಸಿ: 25 ಸಾವಿರದ್ದೋ, 1 ಲಕ್ಷದ್ದೋ, 2.84 ಲಕ್ಷದ್ದೋ?

ಬಾಗಿಲಿಗೆ ಕೂರಿಸುವ ಕೆತ್ತನೆಯ ಹಲಗೆ ಒಂದಿದೆ ಎಂದುಕೊಳ್ಳಿ. ಅಗಲ 300 ಮಿ.ಮೀ., ಉದ್ದ 450 ಮಿ.ಮೀ., ಕೆತ್ತನೆಯ ಸರಾಸರಿ ಆಳ 6 ಮಿ.ಮೀ. ಮನೆಯಲ್ಲೇ ಜೋಡಿಸಿದ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಇದನ್ನು ಎಷ್ಟು ಹೊತ್ತಿನಲ್ಲಿ ತೆಗೆಯುತ್ತದೆ? ಅಗ್ಗದ ಬಿಡಿಭಾಗ ಹಾಕಿ 25 ಸಾವಿರ ರೂಪಾಯಿಯಲ್ಲಿ ಕಟ್ಟಿದ ಯಂತ್ರಕ್ಕೆ 20 ಗಂಟೆ ಬೇಕು. ನೋಡಿ ಆರಿಸಿ 1 ಲಕ್ಷದಲ್ಲಿ ಕಟ್ಟಿದ್ದಕ್ಕೆ 4 ಗಂಟೆ 15 ನಿಮಿಷ ಸಾಕು. ಎಲ್ಲವನ್ನೂ ಹೆಸರಾಂತ ಕಂಪನಿಯದೇ ಹಾಕಿ 2.84 ಲಕ್ಷ ಸುರಿದರೆ 2 ಗಂಟೆ 47 ನಿಮಿಷ.

ಮೊದಲ ಜಿಗಿತಕ್ಕೆ ಹೆಚ್ಚುವರಿ ಖರ್ಚು 76 ಸಾವಿರ. ಪ್ರತಿ ಹಲಗೆಗೆ ಉಳಿಯುವುದು ಹದಿನೈದೂ ಮುಕ್ಕಾಲು ಗಂಟೆ. ಎರಡನೆಯ ಜಿಗಿತಕ್ಕೆ ಖರ್ಚು 1.83 ಲಕ್ಷ; ಉಳಿಯುವುದು ಒಂದೂವರೆ ಗಂಟೆ. ಅಗ್ಗ ಒಳ್ಳೆಯದೋ ದುಬಾರಿ ಒಳ್ಳೆಯದೋ ಎಂಬ ವಾದಕ್ಕಿಂತ ಈ ಎರಡು ಜಿಗಿತಗಳ ಅಂತರ ನೋಡಿದರೆ ವಿಷಯ ತಿಳಿಯುತ್ತದೆ. ಯಾವ ಭಾಗಕ್ಕೆ ಸುರಿದ ದುಡ್ಡು ಕೆಲಸದಲ್ಲಿ ತಿರುಗಿ ಬರುತ್ತದೆ, ಯಾವುದಕ್ಕೆ ಸುರಿದದ್ದು ಡಬ್ಬಿಯ ಮೇಲಿನ ಹೆಸರಿಗೆ ಹೋಗುತ್ತದೆ ಎಂಬುದನ್ನು ಭಾಗ ಭಾಗವಾಗಿ ಬಿಡಿಸಿ ನೋಡೋಣ.

ಲೆಕ್ಕ ಯಾರಿಗೆ?

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಜಿಡಗಾ ಹೊರಗಿನವರಿಗೆ ಗೊತ್ತಿರುವುದು ನವಕಲ್ಯಾಣ ಮಠದಿಂದ. ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿ ಎಲ್ಲವೂ ತೊಗರಿ ಸೀಮೆ. ತೊಗರಿ ಮಾರಿದ ದುಡ್ಡು ಕೈ ಸೇರುವುದು ವರ್ಷದ ಆರಂಭದಲ್ಲಿ. ಮನೆ ಕಟ್ಟುವುದು, ಬಾಗಿಲು ಮಾಡಿಸುವುದು, ದೇವರ ಜಗಲಿಗೆ ಕೆತ್ತನೆ ಹಾಕಿಸುವುದು ಅದರ ಬೆನ್ನಿಗೇ ಬೇಸಿಗೆಯಲ್ಲಿ ಶುರುವಾಗುತ್ತದೆ. ಬಡಿಗೇರರ ಶೆಡ್ಡಿನಲ್ಲಿ ಕೆಲಸ ತುಂಬುವ ತಿಂಗಳು, ಕಲಬುರಗಿಯ ಬಿಸಿಲು 43 ಡಿಗ್ರಿ ದಾಟುವ ತಿಂಗಳು, ಎರಡೂ ಒಂದೇ. ಯಂತ್ರದ ಬಿಡಿಭಾಗ ಆರಿಸುವಾಗ ಈ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಹೇಗೆ ಎಂಬುದು ಮುಂದಿದೆ.

ಆ ಬಡಿಗೇರರಿಗಾಗಿ ಇಲ್ಲಿ ಲೆಕ್ಕ ಹಾಕಿದ ಯಂತ್ರದ ಮೇಜು 600 x 900 ಮಿ.ಮೀ. ಬಾಗಿಲ ಹಲಗೆ, ನಾಮಫಲಕ, ದೇವರ ಮನೆಯ ಜಾಲಿ ಇಷ್ಟಕ್ಕೆ ಸಾಕಾಗುವ ಅಳತೆ. ದರಗಳು ಜಿಎಸ್‌ಟಿ ಸೇರಿದ ದುಂಡು ಅಂಕಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಹೈದರಾಬಾದಿನಲ್ಲೋ ಆನ್‌ಲೈನಿನಲ್ಲೋ ಕೊಂಡರೆ ಹತ್ತಿಪ್ಪತ್ತು ಶೇಕಡಾ ಆಚೀಚೆ ಆಗುತ್ತದೆ. ನಿಮ್ಮ ಅಂಗಡಿಯವರ ಕೊಟೇಶನ್ ಹಾಕಿ ಮತ್ತೆ ಕೂಡಿಸಿದರೂ ತೀರ್ಪು ಹೆಚ್ಚು ಬದಲಾಗದು.

ಮೂರು ಪಟ್ಟಿ (ಅಗ್ಗ / ನಡುವಿನದು / ದುಬಾರಿ, ರೂಪಾಯಿಗಳಲ್ಲಿ)

ಫ್ರೇಮ್: 8,000 / 13,000 / 38,000
ರಾಡ್ ಅಥವಾ ಲೀನಿಯರ್ ರೈಲು, ಬ್ಲಾಕ್: 5,000 / 20,000 / 47,100
ಮೂರು ಸ್ಕ್ರೂ, ನಟ್, ಬೇರಿಂಗ್: 2,400 / 15,000 / 60,000
ಮೂರು ಮೋಟರ್, ಮೂರು ಡ್ರೈವರ್: 2,850 / 12,000 / 27,000
ಕಂಟ್ರೋಲರ್: 900 / 4,000 / 28,000
ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್), ವಿಎಫ್‌ಡಿ (ಅದರ ವೇಗ ನಿಯಂತ್ರಕ): 3,000 / 18,000 / 45,000
ಪವರ್ ಸಪ್ಲೈ: 1,200 / 3,500 / 6,000
ವೈರಿಂಗ್, ಸ್ವಿಚ್, ಅರ್ಥಿಂಗ್: 1,500 / 9,500 / 15,000
ಧೂಳಿನ ವ್ಯವಸ್ಥೆ: 0 / 6,000 / 18,000
ಒಟ್ಟು: 24,850 / 1,01,000 / 2,84,100

ಅಗ್ಗದ ಪಟ್ಟಿ ಎಂದರೆ 16 ಮಿ.ಮೀ. ರಾಡ್, ಟಿ8 ಲೀಡ್ ಸ್ಕ್ರೂ, ನೇಮಾ 17 ಮೋಟರ್, ಬಡಿಗೇರರು ಅಂಚು ತೆಗೆಯಲು ಕೈಯಲ್ಲಿ ಹಿಡಿಯುವ ಟ್ರಿಮ್ಮರ್. ನಡುವಿನದು ಎಂದರೆ ವೆಲ್ಡಿಂಗ್ ಮಾಡಿದ ಕಬ್ಬಿಣದ ಫ್ರೇಮ್, ಹೆಸರಿಲ್ಲದ 20 ಮಿ.ಮೀ. ರೈಲು, 1605 ಬಾಲ್ ಸ್ಕ್ರೂ, ನೇಮಾ 23 ಮೋಟರ್, 1.5 ಕಿಲೋವಾಟ್ ಸ್ಪಿಂಡಲ್. ದುಬಾರಿಯದರಲ್ಲಿ ಬ್ರ್ಯಾಂಡಿನ ರೈಲು, ಗ್ರೈಂಡ್ ಮಾಡಿದ ಸಿ5 ಸ್ಕ್ರೂ, ಕ್ಲೋಸ್ಡ್ ಲೂಪ್ ಮೋಟರ್, ಕೈಯಲ್ಲಿ ಹಿಡಿದು ನಡೆಸುವ ಡಿಎಸ್‌ಪಿ ಕಂಟ್ರೋಲರ್, 2.2 ಕಿಲೋವಾಟ್ ಸ್ಪಿಂಡಲ್.

ಇಲ್ಲೇ ಒಂದು ಮಾತು. ಪಟ್ಟಿ ಎರಡೂವರೆ ಲಕ್ಷ ದಾಟಿತು ಎಂದರೆ ಕೈಯಾರೆ ಕಟ್ಟುವ ಹಟ ಬಿಟ್ಟು ಸಿದ್ಧ ಯಂತ್ರದ ಕೊಟೇಶನ್ ತರಿಸಿ ನೋಡುವುದು ಜಾಣತನ. ಅದಕ್ಕೆ ವಾರಂಟಿ ಇರುತ್ತದೆ, ಬಂದು ಕೂರಿಸಿ ಕೊಡುವವರಿರುತ್ತಾರೆ.

ಗಂಟೆಯ ಲೆಕ್ಕ

ಕೆತ್ತನೆ ಎರಡು ಹಂತದ ಕೆಲಸ. ಮೊದಲು ಒರಟಾಗಿ ಕಟ್ಟಿಗೆ ತೆಗೆಯಬೇಕು, ಆಮೇಲೆ ದುಂಡು ತುದಿಯ ಸಣ್ಣ ಬಿಟ್ಟಿನಿಂದ ನಯ ಮಾಡಬೇಕು.

ಹಲಗೆಯಿಂದ ತೆಗೆಯಬೇಕಾದ ಕಟ್ಟಿಗೆ 300 x 450 x 6, ಅಂದರೆ 810 ಘನ ಸೆಂ.ಮೀ. ಅಗ್ಗದ ಯಂತ್ರ 3 ಮಿ.ಮೀ. ಬಿಟ್, 1 ಮಿ.ಮೀ. ಆಳ, ನಿಮಿಷಕ್ಕೆ 600 ಮಿ.ಮೀ. ವೇಗ ತಾಳುತ್ತದೆ ಎಂದುಕೊಂಡರೆ ನಿಮಿಷಕ್ಕೆ 1.8 ಘನ ಸೆಂ.ಮೀ. ತೆಗೆಯುತ್ತದೆ. ಒರಟು ಕೆಲಸಕ್ಕೇ ಏಳೂವರೆ ಗಂಟೆ ಹೋಯಿತು. ನಡುವಿನದು 6 ಮಿ.ಮೀ. ಬಿಟ್, 3 ಮಿ.ಮೀ. ಆಳ, 1,500 ವೇಗದಲ್ಲಿ ನಿಮಿಷಕ್ಕೆ 27 ಘನ ಸೆಂ.ಮೀ. ತೆಗೆದು 30 ನಿಮಿಷದಲ್ಲಿ ಮುಗಿಸುತ್ತದೆ. ದುಬಾರಿಯದು ಅದೇ ಬಿಟ್, 4 ಮಿ.ಮೀ. ಆಳ, 2,000 ವೇಗದಲ್ಲಿ 17 ನಿಮಿಷ.

ನಯದ ಹಂತದಲ್ಲಿ ಬಿಟ್ ಒಂದು ಗೆರೆಯಿಂದ ಇನ್ನೊಂದಕ್ಕೆ 0.3 ಮಿ.ಮೀ. ಸರಿದರೆ 450 ಮಿ.ಮೀ. ಉದ್ದಕ್ಕೆ 1,500 ಗೆರೆ. ಒಂದೊಂದು 300 ಮಿ.ಮೀ., ಒಟ್ಟು ದಾರಿ 450 ಮೀಟರ್. ನಿಮಿಷಕ್ಕೆ 600 ಮಿ.ಮೀ. ಹೋಗುವ ಅಗ್ಗದ ಯಂತ್ರಕ್ಕೆ ಹನ್ನೆರಡೂವರೆ ಗಂಟೆ, 2,000 ಹೋಗುವ ನಡುವಿನದಕ್ಕೆ ಮೂರೂ ಮುಕ್ಕಾಲು ಗಂಟೆ, 3,000 ಹೋಗುವ ದುಬಾರಿಯದಕ್ಕೆ ಎರಡೂವರೆ ಗಂಟೆ. ಕೆತ್ತನೆಯ ಏರಿಳಿತದಲ್ಲಿ ವೇಗ ತಗ್ಗುವುದರಿಂದ ಮೂರರಲ್ಲೂ ಇದಕ್ಕಿಂತ ತುಸು ಹೆಚ್ಚೇ ಹಿಡಿಯುತ್ತದೆ. ಅನುಪಾತ ಮಾತ್ರ ಹೆಚ್ಚು ಕಡಿಮೆ ಹೀಗೆಯೇ ಉಳಿಯುತ್ತದೆ.

ಹಾಗೆಯೇ ಗಮನಿಸಿ: ಗೆರೆಯಿಂದ ಗೆರೆಗೆ 0.3ರ ಬದಲು 0.5 ಮಿ.ಮೀ. ಇಟ್ಟರೆ ನಡುವಿನ ಯಂತ್ರದ ನಯದ ಹೊತ್ತು 225 ನಿಮಿಷದಿಂದ 135 ನಿಮಿಷಕ್ಕೆ ಇಳಿಯುತ್ತದೆ. ದುಬಾರಿ ಯಂತ್ರ ಈ ಹಂತದಲ್ಲಿ ಉಳಿಸಿ ಕೊಡುವುದು 75 ನಿಮಿಷ. ಒಂದು ಪೈಸೆ ಖರ್ಚಿಲ್ಲದೆ ಸಾಫ್ಟ್‌ವೇರಿನ ಒಂದು ಅಂಕಿ ಅದಕ್ಕಿಂತ ಹೆಚ್ಚು ಉಳಿಸಿತು. ಉಳಿದ ಗೆರೆಗಳನ್ನು ಮರಳು ಕಾಗದ ನೋಡಿಕೊಳ್ಳುತ್ತದೆ.

ಬಿಟ್ ಮತ್ತು ಕರೆಂಟಿನ ಖರ್ಚು ಕಳೆದು ಯಂತ್ರದ ಗಂಟೆಗೆ 200 ರೂಪಾಯಿ ಬೆಲೆ ಹಿಡಿಯೋಣ. ಅಗ್ಗದ್ದನ್ನು ಬಿಟ್ಟು ನಡುವಿನದಕ್ಕೆ ಹೋದರೆ ಹಲಗೆಗೆ 15.75 ಗಂಟೆ, ಅಂದರೆ 3,150 ರೂಪಾಯಿ ಉಳಿತಾಯ. ಹೆಚ್ಚುವರಿ ಹಾಕಿದ 76,150 ರೂಪಾಯಿ ಸುಮಾರು 24 ಹಲಗೆಗೆ ತಿರುಗಿ ಬಂತು. ನಡುವಿನದನ್ನು ಬಿಟ್ಟು ದುಬಾರಿಗೆ ಹೋದರೆ ಹಲಗೆಗೆ ಉಳಿಯುವುದು ಸುಮಾರು 293 ರೂಪಾಯಿ. 1,83,100 ರೂಪಾಯಿ ತಿರುಗಿ ಬರಲು 625 ಹಲಗೆ ಬೇಕು. ತಿಂಗಳಿಗೆ 10 ಹಲಗೆ ಕೆಲಸ ಇರುವವರಿಗೆ ಐದು ವರ್ಷ ದಾಟುತ್ತದೆ. ತಿಂಗಳಿಗೆ 100 ಹಲಗೆ ಆರ್ಡರ್ ಇದ್ದರೆ ಆರೇಳು ತಿಂಗಳು. ದುಬಾರಿ ಯಂತ್ರಕ್ಕೆ ಮೊದಲು ಬೇಕಾದದ್ದು ಆರ್ಡರ್ ಪುಸ್ತಕ.

ಫ್ರೇಮ್: ಕಿಲೋ ಲೆಕ್ಕದ ಕಬ್ಬಿಣವೇ ಗೆಲ್ಲುತ್ತದೆ

ಯಂತ್ರದಲ್ಲಿ ಅಗ್ಗವೂ ಗಟ್ಟಿಯೂ ಆಗಿ ಸಿಗುವ ಭಾಗ ಇದೊಂದೇ. 50 x 50 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಎಂ.ಎಸ್. ಚೌಕ ಪೈಪು ಮೀಟರಿಗೆ 4.43 ಕಿಲೋ ತೂಗುತ್ತದೆ. ಕಿಲೋಗೆ 75 ರೂಪಾಯಿಯಂತೆ ಮೀಟರಿಗೆ 332 ರೂಪಾಯಿ. ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಈ ಪೈಪು 16 ಮಿ.ಮೀ. ಗಟ್ಟಿ ರಾಡಿಗಿಂತ 65 ಪಟ್ಟು ಹೆಚ್ಚು. ನೋಡಲು ಚೆಂದ ಕಾಣುವ ಅಲ್ಯೂಮಿನಿಯಂ ಪ್ರೊಫೈಲಿನ ಲೋಹಕ್ಕೆ ಉಕ್ಕಿನ ಬಿಗುವಿನ ಮೂರನೇ ಒಂದು ಪಾಲು ಮಾತ್ರ ಇದೆ. ಬೋಲ್ಟ್ ಹಾಕಿ ಬೇಗ ಜೋಡಿಸಬಹುದು ಎಂಬುದಷ್ಟೇ ಅದರ ಅನುಕೂಲ.

ನಡುವಿನ ಪಟ್ಟಿಯ 13 ಸಾವಿರದಲ್ಲಿ 60 ಕಿಲೋ ಪೈಪಿಗೆ 4,500, ವೆಲ್ಡಿಂಗಿಗೆ 3,500, ರೈಲು ಕೂರುವ ಪಟ್ಟಿಗಳನ್ನು ಮಿಲ್ಲಿಂಗ್ ಮಾಡಿಸಲು 5,000. ಟ್ರಾಲಿ, ಶಟರ್, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೆ ಮೊದಲೆರಡು ಕೆಲಸ ಸುಲಭ. ಮೂರನೆಯದನ್ನು ಅಲ್ಲಿ ಮಾಡಿಸಬೇಡಿ. ವೆಲ್ಡಿಂಗ್ ಕಾವಿಗೆ ಪೈಪು ಎಳೆದುಕೊಳ್ಳುತ್ತದೆ, ಮೀಟರಿಗೆ ಒಂದು ಮಿ.ಮೀ. ಸೊಟ್ಟಗಾಗುವುದು ದೊಡ್ಡದಲ್ಲ. ಅದರ ಮೇಲೆ ನೇರವಾಗಿ ರೈಲು ಬಿಗಿದರೆ ಎಷ್ಟೇ ದುಬಾರಿ ರೈಲಾದರೂ ಸೊಟ್ಟ ಪೈಪಿನಂತೆಯೇ ಬಾಗುತ್ತದೆ. ಆದ್ದರಿಂದ ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಪಟ್ಟಿಗಳನ್ನು ಒಂದೇ ಮಟ್ಟಕ್ಕೆ ಮಿಲ್ಲಿಂಗ್ ಮಾಡಿಸಬೇಕು. ಆಳಂದದಿಂದ ಸುಮಾರು 40 ಕಿ.ಮೀ. ದೂರದ ಕಲಬುರಗಿಗೆ ಒಮ್ಮೆ ಫ್ರೇಮ್ ಹೊತ್ತೊಯ್ಯುವುದು ತಪ್ಪಿದ್ದಲ್ಲ.

ಚೌಕ ಸರಿಯಿದೆಯೇ ಎಂದು ನೋಡಲು ಟೇಪು ಸಾಕು. 600 x 900 ಚೌಕಟ್ಟಿನ ಎರಡೂ ಕರ್ಣಗಳು 1,081.7 ಮಿ.ಮೀ. ಬರಬೇಕು. ಅಂಕಿಗಿಂತ ಎರಡೂ ಸಮ ಬರುವುದು ಮುಖ್ಯ.

ನಡುಕ ತಗ್ಗಿಸಲು ತೂಕ ಬೇಕು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಪರಿಹಾರ ಇದೆ. 600 x 900 ಅಳತೆಯ, 25 ಮಿ.ಮೀ. ದಪ್ಪದ ಒಂದು ಶಹಾಬಾದಿ ಫರಸಿ ಸುಮಾರು 36 ಕಿಲೋ ತೂಗುತ್ತದೆ. ಸ್ಟ್ಯಾಂಡಿನ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಎರಡು ಫರಸಿ ಹಾಕಿದರೆ 70 ಕಿಲೋ ಕೂಡಿತು.

ರಾಡೋ, ರೈಲೋ?

ಎರಡು ತುದಿಯಲ್ಲಿ ಮಾತ್ರ ಹಿಡಿದ 16 ಮಿ.ಮೀ. ರಾಡಿನ ನಡುವೆ 10 ಕಿಲೋ ಭಾರ ಬಿದ್ದರೆ ಏನಾಗುತ್ತದೆ? ಎರಡು ರಾಡು ಭಾರ ಹಂಚಿಕೊಂಡಾಗ ಬಾಗುವ ಲೆಕ್ಕ ಹೀಗಿದೆ:

300 ಮಿ.ಮೀ. ಉದ್ದಕ್ಕೆ: 0.04 ಮಿ.ಮೀ.
600 ಮಿ.ಮೀ. ಉದ್ದಕ್ಕೆ: 0.35 ಮಿ.ಮೀ.
1,100 ಮಿ.ಮೀ. ಉದ್ದಕ್ಕೆ: 2.1 ಮಿ.ಮೀ.

ಉದ್ದ ಇಮ್ಮಡಿಸಿದರೆ ಬಾಗು ಎಂಟು ಪಟ್ಟು. ಅಂಗೈಯಗಲದ ನಾಮಫಲಕ, ಮುದ್ರೆ, ಆಟಿಕೆ ಕೊರೆಯುವ 300 ಮಿ.ಮೀ. ಯಂತ್ರಕ್ಕೆ ಅಗ್ಗದ ರಾಡು ಧಾರಾಳವಾಗಿ ಸಾಕು. ಅದಕ್ಕೆ ರೈಲು ಹಾಕುವುದು ದಂಡ. 900 ಮಿ.ಮೀ. ಮೇಜಿಗೆ ಅದೇ ರಾಡು ಹಾಕಿದರೆ ಸ್ಪಿಂಡಲ್ ತಲೆಯ ಭಾರಕ್ಕೇ ನಡು ಕುಗ್ಗುತ್ತದೆ. ಹಲಗೆಯ ನಡುವೆ ಆಳ ಒಂದು, ಅಂಚಿನಲ್ಲಿ ಇನ್ನೊಂದು. ಅಗ್ಗದ ಭಾಗ ಕೆಟ್ಟದ್ದು ಎಂಬುದಕ್ಕಿಂತ ಅಳತೆ ಮೀರಿ ಬಳಸಿದ್ದು ಕೆಟ್ಟದ್ದು.

ಕೆಳಗಿನಿಂದ ಉದ್ದಕ್ಕೂ ಆಧಾರ ಪಡೆದ ರೈಲಿಗೆ ಈ ತೊಂದರೆ ಇಲ್ಲ. ಈ ಯಂತ್ರಕ್ಕೆ ಒಟ್ಟು 4.6 ಮೀಟರ್ ರೈಲು, 12 ಬ್ಲಾಕ್ ಬೇಕು. ಹೆಸರಿಲ್ಲದ ರೈಲು ಮೀಟರಿಗೆ 2,000, ಬ್ಲಾಕಿಗೆ 900 ಹಿಡಿದರೆ 20 ಸಾವಿರ. ಬ್ರ್ಯಾಂಡಿನದು 4,500 ಮತ್ತು 2,200 ಹಿಡಿದರೆ 47,100. ಕಟ್ಟಿಗೆಗೆ ಹೆಸರಿಲ್ಲದ್ದು ನಡೆಯುತ್ತದೆ, ಆದರೆ ಕಣ್ಣು ಮುಚ್ಚಿ ತರುವಂತಿಲ್ಲ. "ಏನೂ ಆಗಂಗಿಲ್ರಿ, ಒಯ್ರಿ" ಎಂಬ ಅಂಗಡಿಯ ಮಾತಿಗಿಂತ ಬೆರಳು ಹೆಚ್ಚು ಹೇಳುತ್ತದೆ. ಬ್ಲಾಕನ್ನು ರೈಲಿನ ಮೇಲೆ ತುದಿಯಿಂದ ತುದಿಗೆ ನಿಧಾನ ಸರಿಸಿ; ಎಲ್ಲೂ ತಡೆದು ತಡೆದು ಹೋಗಬಾರದು. ಆಮೇಲೆ ಬ್ಲಾಕನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡ ತಿರುಚಿ. ಟಕ್ ಎಂದು ಅಲುಗಿದರೆ ಅದನ್ನು ಪಕ್ಕಕ್ಕಿಟ್ಟು ಬೇರೆ ಕೇಳಿ. ಹನ್ನೆರಡನ್ನೂ ಹೀಗೆ ನೋಡಿ ಆರಿಸಲು ಅರ್ಧ ಗಂಟೆ ಸಾಕು; ಆ ಅರ್ಧ ಗಂಟೆಯ ಬೆಲೆ 27 ಸಾವಿರ.

ಸ್ಕ್ರೂ ಮತ್ತು ಕಲಬುರಗಿಯ ಬಿಸಿಲು

ಮೋಟರಿನ ತಿರುಗುವ ಶಕ್ತಿಯನ್ನು ತಳ್ಳುವ ಶಕ್ತಿಯಾಗಿ ಮಾಡುವುದು ಸ್ಕ್ರೂ. ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಟಿ8 ಸ್ಕ್ರೂ, 0.4 ನ್ಯೂಟನ್ ಮೀಟರ್ ಸಾಮರ್ಥ್ಯದ ನೇಮಾ 17 ಮೋಟರ್ ಜೋಡಿ ಓಟದಲ್ಲಿ ಕೊಡುವ ತಳ್ಳುಬಲ ಸುಮಾರು 80 ನ್ಯೂಟನ್. ಸುತ್ತಿಗೆ 5 ಮಿ.ಮೀ. ಸಾಗುವ 1605 ಬಾಲ್ ಸ್ಕ್ರೂ, 1.2 ನ್ಯೂಟನ್ ಮೀಟರಿನ ನೇಮಾ 23 ಜೋಡಿ ಕೊಡುವುದು ಸುಮಾರು 680. ಎರಡರಲ್ಲೂ ಓಡುವಾಗ ಮೋಟರಿನ ಅರ್ಧ ಶಕ್ತಿ ಮಾತ್ರ ಸಿಗುತ್ತದೆ ಎಂದು ಹಿಡಿದ ಲೆಕ್ಕ ಇದು. ಸ್ಕ್ರೂ, ಮೋಟರ್, ಡ್ರೈವರ್ ಕೂಡಿ ಖರ್ಚು 5,250ರಿಂದ 27,000ಕ್ಕೆ, ಅಂದರೆ ಐದು ಪಟ್ಟು ಏರಿತು. ಬಲ ಎಂಟೂವರೆ ಪಟ್ಟು ಏರಿತು. ಜೊತೆಗೆ ಹಿತ್ತಾಳೆ ನಟ್ ಸವೆದು ಬರುವ ಸಡಿಲು ಬಾಲ್ ಸ್ಕ್ರೂನಲ್ಲಿ ಬಹಳ ಕಡಿಮೆ.

ಇನ್ನು ಬಾಲ್ ಸ್ಕ್ರೂನಲ್ಲೇ ಎರಡು ದರ್ಜೆ ಇದೆ. ರೋಲಿಂಗ್ ಮಾಡಿದ ಸಿ7 ಸ್ಕ್ರೂನಲ್ಲಿ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ತಪ್ಪಿಗೆ ಅವಕಾಶ. ಗ್ರೈಂಡ್ ಮಾಡಿದ ಸಿ5ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಮೂರು ಸ್ಕ್ರೂಗೆ ದರದ ಅಂತರ 45 ಸಾವಿರ. ಪಟ್ಟಿಯಲ್ಲಿ ಅತಿ ದೊಡ್ಡ ಅಂತರ ಇದೇ.

ಈಗ ಬಿಸಿಲಿಗೆ ಬರೋಣ. ಒಂದು ಡಿಗ್ರಿ ಕಾವೇರಿದರೆ ಉಕ್ಕು ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. 300 ಮಿ.ಮೀ. ಸ್ಕ್ರೂ 14 ಡಿಗ್ರಿ ಏರಿಳಿತಕ್ಕೆ 0.05 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಸಿ7 ದರ್ಜೆಯ ಪೂರ್ತಿ ತಪ್ಪು ಎಷ್ಟೋ ಅಷ್ಟೇ. ಬೇಸಿಗೆಯಲ್ಲಿ ನಸುಕಿನ ಪತ್ರಾ ಶೆಡ್ಡಿಗೂ ಮಧ್ಯಾಹ್ನ ಮೂರರ ಪತ್ರಾ ಶೆಡ್ಡಿಗೂ 14 ಡಿಗ್ರಿ ಅಂತರ ಸಲೀಸಾಗಿ ಬರುತ್ತದೆ. ಎಸಿ ಇಲ್ಲದ ಶೆಡ್ಡಿನಲ್ಲಿ ಸಿ5 ಸ್ಕ್ರೂ ಹಾಕಿದವರು 45 ಸಾವಿರ ಕೊಟ್ಟು ಕೊಂಡ ನಿಖರತೆಯನ್ನು ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಒಪ್ಪಿಸಿರುತ್ತಾರೆ. ಕಟ್ಟಿಗೆ ಕೆಲಸಕ್ಕೆ ಸಿ7 ಸಾಕು, ಸಿ5 ಬೇಡ.

ಅಲ್ಯೂಮಿನಿಯಂ ಫ್ರೇಮಿನ ಮೇಲೆ ಉಕ್ಕಿನ ರೈಲು ಬಿಗಿದವರಿಗೆ ಇನ್ನೊಂದು ತೊಡಕು. ಅಲ್ಯೂಮಿನಿಯಂ ಮೀಟರಿಗೆ ಡಿಗ್ರಿಗೆ 0.023 ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಎರಡರಷ್ಟು. ಒಂದು ಹೆಚ್ಚು ಬೆಳೆದು ಇನ್ನೊಂದು ಕಡಿಮೆ ಬೆಳೆದಾಗ ಬೋಲ್ಟುಗಳ ನಡುವೆ ಎಳೆದಾಟ ತಪ್ಪದು. ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿದರೆ ಈ ತಕರಾರಿಲ್ಲ.

ಅಗ್ಗದ ಯಂತ್ರಗಳಲ್ಲಿ ಮೋಟರ್ ಹಿಡಿಕೆಯನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸುವುದು ವಾಡಿಕೆ. ಈ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರಿನ ಮೈ ಓಡುತ್ತ 60-70 ಡಿಗ್ರಿ ಮುಟ್ಟುವುದು ಸಹಜ. ಮೇ ತಿಂಗಳಲ್ಲಿ ಬೋಲ್ಟಿನ ಸುತ್ತ ಪ್ಲಾಸ್ಟಿಕ್ ತಗ್ಗು ಬಿದ್ದು, ಮೋಟರ್ ಒಂದು ಬದಿಗೆ ವಾಲಿ, ಕಪ್ಲಿಂಗ್ ಕಿರಗುಟ್ಟುತ್ತದೆ. 6 ಮಿ.ಮೀ. ಕಬ್ಬಿಣದ ಪ್ಲೇಟಿನಲ್ಲಿ ನಾಲ್ಕು ತೂತು ಕೊರೆಸಿದರೆ ಆಯಿತು.

ಮೋಟರ್, ಕಂಟ್ರೋಲರ್: ಇಲ್ಲಿ ಉಳಿಸಿ

ಮೋಟರ್ ಹೆಜ್ಜೆ ತಪ್ಪಿದರೆ ತಾನೇ ತಿಳಿದು ನಿಲ್ಲುವ ಕ್ಲೋಸ್ಡ್ ಲೂಪ್ ಮೋಟರಿಗೆ ಹೆಚ್ಚುವರಿ 15 ಸಾವಿರ. ಹೆಜ್ಜೆ ತಪ್ಪಿ ಒಂದು ಹಲಗೆ ಕೆಟ್ಟರೆ ನಷ್ಟ ಎಷ್ಟು? 25 ಮಿ.ಮೀ. ದಪ್ಪದ ಹಲಗೆ ಎಂದರೆ 0.12 ಘನ ಅಡಿ. ಸಾಗವಾನಿ ಘನ ಅಡಿಗೆ 3,500 ಹಿಡಿದರೆ 420 ರೂಪಾಯಿ. ಪೂರ್ತಿ ಹೊತ್ತು ಹೋಯಿತು ಎಂದರೆ ಇನ್ನೂ 850. ಒಟ್ಟು 1,270. ವರ್ಷಕ್ಕೆ 12 ಹಲಗೆ ಹೀಗೆ ಕೆಡುತ್ತಿದ್ದರೆ ಮಾತ್ರ ಆ 15 ಸಾವಿರ ವರ್ಷದೊಳಗೆ ದಕ್ಕುತ್ತದೆ. ಕಟ್ಟಿಗೆಗೆ 100 ನ್ಯೂಟನ್ನಿನೊಳಗೆ ಮುಗಿಯುವ ಕೆಲಸಕ್ಕೆ 680 ಕೈಲಿರುವಾಗ ಅಷ್ಟು ಸಲ ಹೆಜ್ಜೆ ತಪ್ಪಿತು ಎಂದರೆ ದೋಷ ಮೋಟರಿನಲ್ಲಿಲ್ಲ, ಜೋಡಣೆಯಲ್ಲಿದೆ.

ಕಂಟ್ರೋಲರ್ ಇಷ್ಟು ಅಗ್ಗವಾಗಲು ಕಾರಣ ಅದರೊಳಗಿನ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದು. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರ ತೋರಿಸಿದಾಗ ಅದರ ಕಂಟ್ರೋಲ್ ಪೆಟ್ಟಿಗೆ ಯಂತ್ರಕ್ಕಿಂತ ದೊಡ್ಡದಿತ್ತು. 2009ರಲ್ಲಿ ನಾರ್ವೆಯಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಆ ಕೆಲಸವನ್ನು ಆರ್ಡುಯಿನೊ ಬೋರ್ಡಿಗೆ ಇಳಿಸಿತು. ಅದು ಸೆಕೆಂಡಿಗೆ ಸುಮಾರು 30 ಸಾವಿರ ಹೆಜ್ಜೆ ಕೊಡಬಲ್ಲದು. ಸುತ್ತಿಗೆ 200 ಹೆಜ್ಜೆ, ಅದನ್ನು ಎಂಟಾಗಿ ಸೀಳಿ, 5 ಮಿ.ಮೀ. ಸ್ಕ್ರೂಗೆ ಹಂಚಿದರೆ ಮಿ.ಮೀ.ಗೆ 320 ಹೆಜ್ಜೆ. ನಿಮಿಷಕ್ಕೆ 5,625 ಮಿ.ಮೀ. ವೇಗ ಬಂತು. ನಮಗೆ ಬೇಕಾದದ್ದು 2,000. ಅಂದರೆ 900 ರೂಪಾಯಿಯ ಕಂಟ್ರೋಲರಿಗೆ ವೇಗದ ಕೊರತೆ ಇಲ್ಲ. 4,000 ಕೊಡುವುದು ಇನ್ನೊಂದು ಕಾರಣಕ್ಕೆ: ವಿಎಫ್‌ಡಿಯಿಂದ ಹೊಮ್ಮುವ ವಿದ್ಯುತ್ ಗದ್ದಲ ಸ್ವಿಚ್ಚಿನ ವೈರಿಗೆ ನುಗ್ಗಿ ಯಂತ್ರ ಸುಮ್ಮನೆ ನಿಂತುಬಿಡುತ್ತದೆ. ಆಪ್ಟೊ ಐಸೊಲೇಶನ್ ಇರುವ ಬೋರ್ಡು, ಹೆಣಿಗೆ ಕವಚದ ವೈರು ಅದನ್ನು ತಡೆಯುತ್ತವೆ. 28 ಸಾವಿರದ ಡಿಎಸ್‌ಪಿಗೆ ಕಂಪ್ಯೂಟರ್ ಬೇಡ ಎಂಬುದು ನಿಜ. ಆ ಅಂತರದಲ್ಲಿ ಹಳೆಯ ಲ್ಯಾಪ್‌ಟಾಪ್ ಬಂದು ದುಡ್ಡು ಉಳಿಯುತ್ತದೆ.

ಒಂದು ಡ್ರೈವರ್ ಮಾತ್ರ ಹೆಚ್ಚಿಗೆ ತಂದಿಟ್ಟುಕೊಳ್ಳಿ. 1,800 ರೂಪಾಯಿಯ ಭಾಗ ಸುಟ್ಟು ಕಲಬುರಗಿಯಲ್ಲೂ ಸಿಗದೆ ಬೆಂಗಳೂರಿನಿಂದ ಪಾರ್ಸೆಲ್ ಬರುವವರೆಗೆ ಶೆಡ್ಡು ಮುಚ್ಚಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಸ್ಪಿಂಡಲ್, ಕರೆಂಟ್, ಧೂಳು

ಟ್ರಿಮ್ಮರ್ ಗಂಟೆಗಟ್ಟಲೆ ನಿಲ್ಲದೆ ಓಡಲೆಂದು ಮಾಡಿದ್ದಲ್ಲ. ಕಾರ್ಬನ್ ಬ್ರಷ್ ಸವೆಯುತ್ತದೆ, ಬೇರಿಂಗ್ ಕಾಯುತ್ತದೆ. ವಿಎಫ್‌ಡಿಯಿಂದ 400 ಹರ್ಟ್ಸ್ ಪಡೆದು ನಿಮಿಷಕ್ಕೆ 24,000 ಸುತ್ತು ತಿರುಗುವ ಸ್ಪಿಂಡಲಿಗೆ ಬ್ರಷ್ಷೇ ಇಲ್ಲ. 1.5 ಕಿಲೋವಾಟ್ ಕಟ್ಟಿಗೆಗೆ ಸಾಕು. ದುಬಾರಿ ಬೇಕಾದದ್ದು ಬಿಟ್ ಹಿಡಿಯುವ ಕಾಲೆಟ್ ಮಾತ್ರ. ಜೊತೆಗೆ ಬರುವ ಅಗ್ಗದ ಕಾಲೆಟ್‌ನಲ್ಲಿ ಬಿಟ್ ತುದಿ ಅತ್ತಿತ್ತ ಹೊಯ್ದಾಡಿ ಒಂದೇ ಅಲಗು ಸವೆದು ಮುರಿಯುತ್ತದೆ. 800 ರೂಪಾಯಿಯ ಒಳ್ಳೆ ಕಾಲೆಟ್ ನಾಲ್ಕಾರು ಬಿಟ್ ಉಳಿಸಿದರೆ ತನ್ನ ಬೆಲೆ ತೀರಿಸಿತು.

ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ, ಅರ್ಧ ಕಿಲೋವಾಟ್ ಎಳೆಯುವ ಅಗ್ಗದ ಯಂತ್ರ 20 ಗಂಟೆಗೆ 10 ಯೂನಿಟ್, 80 ರೂಪಾಯಿ ತಿನ್ನುತ್ತದೆ. 0.8 ಕಿಲೋವಾಟ್ ಎಳೆಯುವ ನಡುವಿನದು ನಾಲ್ಕೂಕಾಲು ಗಂಟೆಗೆ 27 ರೂಪಾಯಿ. ಬಿಲ್ಲಿಗಿಂತ ದೊಡ್ಡ ಚಿಂತೆ ಕರೆಂಟ್ ಹೋಗುವುದು. ಇಲ್ಲಿಗೆ ಕರೆಂಟ್ ಕೊಡುವ ಜೆಸ್ಕಾಂ ಲೈನಿನಲ್ಲಿ ನಾಲ್ಕು ಗಂಟೆ ತಡೆಯಿಲ್ಲದ ಹೊತ್ತು ಹುಡುಕಬಹುದು, 20 ಗಂಟೆ ಹುಡುಕುವುದು ಕಷ್ಟ. ಬಾಲ್ ಸ್ಕ್ರೂ ಸಲೀಸಾಗಿ ತಿರುಗುವುದರಿಂದ ಕರೆಂಟ್ ಹೋದ ಗಳಿಗೆಗೆ ಹತ್ತು ಕಿಲೋದ ಸ್ಪಿಂಡಲ್ ತಲೆ ತಾನೇ ಕೆಳಗೆ ಜಾರಿ ಹಲಗೆಗೆ ಇಳಿಯಬಹುದು. ತಲೆಯ ಭಾರ ಹೊರಲು ಒಂದು ಗ್ಯಾಸ್ ಸ್ಪ್ರಿಂಗ್ ಹಾಕಿ.

ಅರ್ಥಿಂಗ್, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಕೈಗೆ ಸಿಗುವಲ್ಲಿ ಕೆಂಪು ತುರ್ತು ಸ್ವಿಚ್ ಇವುಗಳಲ್ಲಿ ಚೌಕಾಸಿ ಬೇಡ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿ ಕೆಲಸ ಬಿಡುತ್ತದೆ. ಆಗಾಗ ನೀರು ಹಾಕುತ್ತಿರಬೇಕು. ಎರೆ ಮಣ್ಣಿನ ಧೂಳು, ಕಟ್ಟಿಗೆಯ ಹುಡಿ ಎಣ್ಣೆಗೆ ಕೂಡಿದರೆ ರೈಲನ್ನು ಅರೆಯುವ ಮಸಾಲೆಯಾಗುತ್ತದೆ. 6 ಸಾವಿರದ ವ್ಯಾಕ್ಯೂಮ್, ಮುಸುಕು 20 ಸಾವಿರದ ರೈಲನ್ನು ಕಾಯುತ್ತವೆ, ನಿಮ್ಮ ಶ್ವಾಸಕೋಶವನ್ನೂ.

ಸಾಲ, ಕಂತು, ತೆರಿಗೆ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿಯ ಕಾಲಕ್ಕೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಸಾಲ ಇದೆ. 18 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,780 ರೂಪಾಯಿ ಕಟ್ಟಬೇಕು. ನಡುವಿನ ಯಂತ್ರದಲ್ಲಿ ಹಲಗೆಗೆ 850 ರೂಪಾಯಿ ದುಡಿದರೆ ತಿಂಗಳಿಗೆ 7 ಹಲಗೆ ಕಂತು ತೀರಿಸುತ್ತವೆ. ನಡುವಿನ ಪಟ್ಟಿ 1 ಲಕ್ಷದ ಆಸುಪಾಸಿನಲ್ಲಿ ನಿಲ್ಲುವುದರಿಂದ ಈ ಸಾಲಕ್ಕೆ ಹೊಂದುತ್ತದೆ.

ಜಿಎಸ್‌ಟಿ ನೋಂದಣಿ ಇದ್ದವರು ಪಕ್ಕಾ ಬಿಲ್ ಕೇಳಿ ಪಡೆಯಬೇಕು. ಫ್ರೇಮ್ ಬಿಟ್ಟು ಉಳಿದ 88 ಸಾವಿರದಲ್ಲಿ ಶೇ 18ರಂತೆ 13,424 ರೂಪಾಯಿ ತೆರಿಗೆ ಅಡಗಿದೆ. ಮಾರಾಟದ ತೆರಿಗೆಗೆ ಅದನ್ನು ಹೊಂದಿಸಿಕೊಂಡರೆ ಫ್ರೇಮ್ ಪುಕ್ಕಟೆ ಸಿಕ್ಕಂತೆ.

ತೀರ್ಪು

ಬಿಚ್ಚಿ ಬದಲಿಸಬಹುದಾದದ್ದರಲ್ಲಿ ಉಳಿಸಿ. ಕೊರೆದು ಕೂರಿಸಿದ್ದರಲ್ಲಿ ಉಳಿಸಬೇಡಿ. ಕಂಟ್ರೋಲರ್, ಡ್ರೈವರ್, ಮೋಟರ್ ಇಂದು ಅಗ್ಗದ್ದು ಹಾಕಿ ಆರ್ಡರ್ ಬೆಳೆದ ಮೇಲೆ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಫ್ರೇಮ್, ರೈಲು, ಸ್ಕ್ರೂ ಬದಲಿಸುವುದೆಂದರೆ ಹೊಸ ಯಂತ್ರವನ್ನೇ ಕಟ್ಟಿದಂತೆ. ನಡುವಿನ ಪಟ್ಟಿಯ 1,01,000ದಲ್ಲಿ ಇವು ಮೂರಕ್ಕೇ 48,000, ಹತ್ತಿರ ಹತ್ತಿರ ಅರ್ಧ, ಹೋಗಿರುವುದು ಇದಕ್ಕಾಗಿಯೇ.

ಮೇಜು 300 ಮಿ.ಮೀ. ಒಳಗಿದ್ದರೆ ಅಗ್ಗದ ಪಟ್ಟಿ ಹಿಡಿಯಿರಿ, ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. 600 x 900ಕ್ಕೆ ನಡುವಿನದು. ತಿಂಗಳಿಗೆ ನೂರು ಹಲಗೆಯ ಆರ್ಡರ್ ಕೈಯಲ್ಲಿದ್ದರೆ ದುಬಾರಿಯದು, ಅದೂ ಸಿದ್ಧ ಯಂತ್ರದ ದರ ವಿಚಾರಿಸಿದ ಮೇಲೆ. ಯಾವುದನ್ನೇ ಕೊಳ್ಳುವ ಮುನ್ನ ಸಾವಿರದೈನೂರು ರೂಪಾಯಿ ತೆಗೆದಿಟ್ಟು ಆಯಸ್ಕಾಂತದ ಸ್ಟ್ಯಾಂಡ್ ಸಮೇತ ಒಂದು ಡಯಲ್ ಗೇಜ್ ತನ್ನಿ. ಯಂತ್ರ ಕಟ್ಟಿದ ಮೇಲೆ ಸ್ಪಿಂಡಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ 10 ಕಿಲೋ ಎಳೆದು ಮುಳ್ಳು ನೋಡಿ. 0.1 ಮಿ.ಮೀ. ಒಳಗೆ ನಿಂತರೆ ಕಟ್ಟಿಗೆಗೆ ಯಂತ್ರ ಸಿದ್ಧ, ಅರ್ಧ ಮಿ.ಮೀ. ಓಡಿದರೆ ಮೊದಲು ಬೋಲ್ಟು ಬಿಗಿ ಮಾಡಿ, ಫ್ರೇಮಿಗೆ ಅಡ್ಡಪಟ್ಟಿ ಹಾಕಿ. ಹೊಸ ಭಾಗದ ಆರ್ಡರ್ ಅದಾದ ಮೇಲೆ.